ಕಳಸದ ದಾರಿಯಲ್ಲಿ ಬಸ್ಸೇ ಬಿಡಾರ

ಮೂಡಿಗೆರೆಯಿಂದ ಪಶ್ಚಿಮಕ್ಕೆ ಹೊರಟ ರಸ್ತೆಯು ಕೊಟ್ಟಿಗೆಹಾರದಲ್ಲಿ ಕವಲೊಡೆಯುತ್ತದೆ. ನೇರವಾಗಿ ಸಾಗಿದರೆ ಚಾರ್ಮಾಡಿ ಘಾಟಿಯಿಳಿದು ದಕ್ಷಿಣ ಕನ್ನಡದ ಸೀಮೆ. ಬಲಕ್ಕೆ ತಿರುಗಿದರೆ ಕಳಸ. ಈ ಕೂಡುರಸ್ತೆಯಲ್ಲಿ ಇಳಿದು, ಬಿಸಿಬಿಸಿ ನೀರುದೋಸೆ ತಿಂದು, ಒಂದು ಲೋಟ ಕಾಫಿ ಕುಡಿದು ಮೈಮುರಿದುಕೊಂಡ ಮೇಲೆಯೇ ಮುಂದಿನ ದಾರಿ ಹಿಡಿಯುವುದು ಯಾತ್ರಿಕರ ವಾಡಿಕೆ. ಅದಕ್ಕೆ ಕಾರಣವೂ ಉಂಟು. ಅಲ್ಲಿಂದ ಮುಂದಕ್ಕೆ ರಸ್ತೆಯು ನೆಟ್ಟಗೆ ಹೋಗುವ ಅಭ್ಯಾಸವನ್ನೇ ಮರೆತುಬಿಡುತ್ತದೆ. ಒಂದು ಮಗ್ಗುಲಲ್ಲಿ ಸಿಲ್ವರ್ ಓಕ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಕಾಫಿ ಗಿಡಗಳ ಕಡುಹಸಿರು. ಇನ್ನೊಂದು ಮಗ್ಗುಲಲ್ಲಿ ಮಂಜು ತುಂಬಿದ ಕಣಿವೆ. ಕೆಳಗೂರಿನ ಬಳಿ ಕಾಫಿಯ ಬದಲು ಚಹಾ ತೋಟದ ಒಪ್ಪವಾದ ಹಾಸು ಕಣ್ಣಿಗೆ ಬೀಳುತ್ತದೆ. ತಿರುವಿಗೊಂದು ನೋಟ, ನೋಟಕ್ಕೊಂದು ನಿಟ್ಟುಸಿರು. ಇಲ್ಲಿಯೇ ಒಂದು ರಾತ್ರಿ ತಂಗಿಬಿಡಬಾರದೇ ಎಂಬ ಆಸೆ ಎಂಥವರಿಗೂ ಹುಟ್ಟುತ್ತದೆ.

ಆ ಆಸೆಯ ಬೆನ್ನಿಗೇ ಇನ್ನೊಂದು ಕಲ್ಪನೆಯೂ ಹುಟ್ಟುವುದುಂಟು. ಮನೆಯನ್ನೇ ಜೊತೆಗೆ ಕರೆದುಕೊಂಡು ಬರುವಂತಿದ್ದರೆ? ಹೊಸದಾಗಿ ಕಟ್ಟಿಸಿದ ಕ್ಯಾರವಾನ್ ಮಧ್ಯಮ ವರ್ಗದ ಸಂಸಾರಕ್ಕೆ ನಿಲುಕದ ಮಾತು. ಆದರೆ ಓಡಿ ಹಳೆಯದಾದ ಬಸ್ಸೊಂದನ್ನು ಕೊಂಡು, ಸೀಟುಗಳನ್ನು ಬಿಚ್ಚಿ, ಎರಡು ಮಂಚ, ಒಂದು ಒಲೆ, ಒಂದು ದೀಪ ಇರಿಸಿಕೊಂಡರೆ ಸಾಲದೇ? ಮೇಲ್ನೋಟಕ್ಕೆ ಇದು ಸುಲಭವಾದ ಲೆಕ್ಕ. ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಪರೀಕ್ಷಿಸಿ ತೋರಿಸಲು ಕಳಸದ ದಾರಿಗಿಂತ ಕಟ್ಟುನಿಟ್ಟಿನ ಉಪಾಧ್ಯಾಯ ಬೇರೊಬ್ಬನಿಲ್ಲ.

ಬಸ್ಸಿನ ಋಣ

ಮಲೆನಾಡಿನಲ್ಲಿ ಬಸ್ಸೆಂದರೆ ಬರಿಯ ವಾಹನವಲ್ಲ. ಒಂಟಿಮನೆಗಳೂ ತೋಟದ ಸಾಲುಮನೆಗಳೂ ಗುಡ್ಡಕ್ಕೊಂದರಂತೆ ಚದುರಿರುವ ಈ ಸೀಮೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ಪೇಟೆಗೆ ಹೊರಟ ಬಾಳೆಗೊನೆ, ಊರಿಗೆ ಬರುವ ದಿನಪತ್ರಿಕೆ, ಮದುವೆಯ ಕರೆಯೋಲೆ ಎಲ್ಲವೂ ಒಂದೇ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವು. “ನಾಳೆ ಬರುವಾಗ ಈ ಚೀಟಿಯ ಮಾತ್ರೆ ತಂದುಕೊಡಿ ಮಾರಾಯ್ರೇ” ಎಂದು ಕಂಡಕ್ಟರರ ಕೈಗೆ ದುಡ್ಡು ಕೊಡುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಬಸ್ಸಿಗೂ ಜನಕ್ಕೂ ಇದ್ದ ಈ ನಂಟಿನ ದೊಡ್ಡ ಸಾಕ್ಷಿ ಕಳಸದ ನೆರೆಯ ಕೊಪ್ಪದಲ್ಲಿ ದೊರೆಯುತ್ತದೆ. 1991ರಲ್ಲಿ ಅಲ್ಲಿಯ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪೆನಿಯ ಬಸ್ಸುಗಳು ನಿಂತಾಗ, ಅದರ ಕಾರ್ಮಿಕರೇ ಸೇರಿ ಸಹಕಾರ ಸಂಘವೊಂದನ್ನು ಕಟ್ಟಿದರು. ಚಾಲಕರು, ನಿರ್ವಾಹಕರು, ಮೆಕ್ಯಾನಿಕರು ತಾವೇ ಮಾಲೀಕರಾದರು. ಕೆಲವೇ ಬಸ್ಸುಗಳಿಂದ ಆರಂಭವಾದ ‘ಸಹಕಾರ ಸಾರಿಗೆ’ ಕ್ರಮೇಣ ಎಪ್ಪತ್ತರಷ್ಟು ಬಸ್ಸುಗಳನ್ನು ಓಡಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟು, ಮಲೆನಾಡಿನ ಮೂಲೆಮೂಲೆಯನ್ನು ಮುಟ್ಟಿತು. ಡೀಸೆಲ್ಲಿನ ಬೆಲೆ ಏರಿ, ಖರ್ಚು ಹೆಚ್ಚಿ, ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದು ತನ್ನ ಓಡಾಟವನ್ನು ನಿಲ್ಲಿಸಿತು. ಆ ದಿನ ಅನೇಕ ಹಳ್ಳಿಗಳಲ್ಲಿ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಜನ ನೊಂದುಕೊಂಡರು.

ಓಡಿ ದಣಿದ ಬಸ್ಸನ್ನು ಕಂಡಾಗ ಮಲೆನಾಡಿನವನ ಮನಸ್ಸಿನಲ್ಲಿ ಅದು ಗುಜರಿಗೆ ಹೋಗಬಾರದೆಂಬ ಭಾವ ಮೂಡುವುದು ಸಹಜ. ಭಾವವೇನೋ ಒಳ್ಳೆಯದು, ಆದರೆ ಸಂಸಾರದ ಹಣವನ್ನು ಭಾವದ ಮಾತು ಕೇಳಿ ವೆಚ್ಚ ಮಾಡಲಾಗದು.

ಹಳೆಯ ಹಂಬಲ

ಮನೆಯನ್ನು ಚಕ್ರದ ಮೇಲೇರಿಸುವ ಹಂಬಲ ಹೊಸದೇನೂ ಅಲ್ಲ. ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಅಕ್ಕಿ ಬೇಳೆ ಪಾತ್ರೆಗಳನ್ನು ಗಾಡಿಯ ಕೆಳಗಿನ ಜೋಲಿಯಲ್ಲಿ ಕಟ್ಟಿಕೊಂಡು ಜಾತ್ರೆಗೆ ಹೊರಡುತ್ತಿದ್ದ ನಮ್ಮ ಹಿರಿಯರು ಕ್ಯಾರವಾನ್ ಎಂಬ ಹೆಸರನ್ನು ಕೇಳದೆಯೇ ಅದರ ಸುಖವನ್ನು ಉಂಡಿದ್ದರು. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕರು 1885ರಲ್ಲಿ ‘ವಾಂಡರರ್’ ಎಂಬ ಕುದುರೆ ಎಳೆಯುವ ಮನೆಯನ್ನು ವಿಹಾರಕ್ಕೆಂದೇ ಕಟ್ಟಿಸಿದರು. 1968ರಲ್ಲಿ ಹಳೆಯ ಡಬಲ್ ಡೆಕ್ಕರ್ ಬಸ್ಸೊಂದು ಮಂಚ, ಅಡುಗೆಮನೆಗಳ ಸಮೇತ ಚಲಿಸುವ ಮನೆಯಾಗಿ, ಸಿಡ್ನಿಯಿಂದ ಹೊರಟು ಭಾರತವನ್ನೂ ಹಾದು ಮರುವರ್ಷ ಲಂಡನ್ ಸೇರಿತು.

ನಮ್ಮ ಕಾಲದಲ್ಲಿ, ನಮ್ಮ ನೆರೆಹೊರೆಯಲ್ಲೇ ನಡೆದ ಎರಡು ಪ್ರಯೋಗಗಳು ಇವಕ್ಕಿಂತ ಹೆಚ್ಚಿನ ಪಾಠ ಕಲಿಸುತ್ತವೆ. 2020ರ ನವೆಂಬರಿನಲ್ಲಿ ಕೇರಳದ ರಸ್ತೆ ಸಾರಿಗೆ ಸಂಸ್ಥೆಯು ಮುನ್ನಾರಿನ ತನ್ನ ಡಿಪೋದಲ್ಲಿ ಹಳೆಯ ಬಸ್ಸಿನೊಳಗೆ ಹದಿನಾರು ಮಲಗುವ ಹಲಗೆಗಳನ್ನು ಜೋಡಿಸಿ, ರಾತ್ರಿಗೆ ತಲಾ 100 ರೂಪಾಯಿ ಬಾಡಿಗೆಗೆ ಪ್ರವಾಸಿಗಳಿಗೆ ಕೊಡಲಾರಂಭಿಸಿತು. ಬಸ್ಸು ನಿಂತಲ್ಲೇ ನಿಂತಿತ್ತು. ಶೌಚಕ್ಕೆ ಡಿಪೋದ ಶೌಚಾಲಯವೇ ಗತಿಯಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಕರ್ನಾಟಕದ ಸಾರಿಗೆ ಸಂಸ್ಥೆಯು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 12 ಲಕ್ಷ ರೂಪಾಯಿ.

ಎರಡೂ ಹಳೆಯ ಬಸ್ಸುಗಳೇ. ಒಂದರಲ್ಲಿ ಹಲಗೆ ಮತ್ತು ಹಾಸಿಗೆ. ಇನ್ನೊಂದರಲ್ಲಿ ನೀರು, ಕೊಳಾಯಿ, ತೊಟ್ಟಿ, ಮಲಿನಜಲ. ಬಸ್ಸನ್ನು ಮನೆ ಮಾಡಹೊರಟವರು ಮೊದಲು ಅರಿಯಬೇಕಾದ ಸತ್ಯ ಇದರಲ್ಲಿದೆ: ಒಣ ಬಸ್ಸು ಅಗ್ಗ, ಒದ್ದೆ ಬಸ್ಸು ದುಬಾರಿ. ಮಲಗುವುದಕ್ಕೆ ಬೇಕಾದ ಮರದ ಕೆಲಸವನ್ನು ಊರಿನ ಬಡಗಿ ಕೆಲವು ದಿನಗಳಲ್ಲಿ ಮುಗಿಸಿಕೊಡುತ್ತಾನೆ. ಸ್ನಾನ, ಶೌಚಗಳನ್ನು ಒಳಗೆ ತಂದ ಕ್ಷಣದಿಂದ ತೂಕ, ತುಕ್ಕು, ವಾಸನೆ, ಸೋರಿಕೆ ಎಂಬ ನಾಲ್ವರು ನೆಂಟರು ಕರೆಯದೆಯೇ ಬಂದು ಸೇರುತ್ತಾರೆ.

ಕಾಗದ ಮೊದಲು, ಹಾಸಿಗೆ ಕೊನೆಗೆ

ಬೆಂಗಳೂರಿನ ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರವೊಂದು ಇಂಥ ಸಾಹಸಕ್ಕೆ ಕೈಯಿಕ್ಕಿತೆಂದು ಇಟ್ಟುಕೊಳ್ಳಬಹುದು. ಅವರು ಮೊದಲು ಹೋಗಬೇಕಾದುದು ಮರದ ಅಂಗಡಿಗೂ ಅಲ್ಲ, ಗ್ಯಾರೇಜಿಗೂ ಅಲ್ಲ. ಪ್ರಾದೇಶಿಕ ಸಾರಿಗೆ ಕಚೇರಿಗೆ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಬರೆದಿರುವ ವಿವರಗಳಿಗೆ ಹೊಂದದಂತೆ ವಾಹನದ ರೂಪವನ್ನು ಮಾಲೀಕನು ತನ್ನಿಚ್ಛೆಯಂತೆ ಬದಲಾಯಿಸುವಂತಿಲ್ಲ. ಸೀಟು ಕಿತ್ತು ಮಂಚ ಹಾಕುವುದೂ ಬದಲಾವಣೆಯೇ. ಚಲಿಸುವ ಮನೆಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನಕವೂ ಉಂಟು. ಯಾವ ಬದಲಾವಣೆಗೆ ಒಪ್ಪಿಗೆ ದೊರೆಯುತ್ತದೆ, ಯಾವುದಕ್ಕೆ ದೊರೆಯದು, ತೆರಿಗೆ ಎಷ್ಟು, ವಿಮೆಯವರು ಏನು ಕೇಳುತ್ತಾರೆ ಎಂಬುದನ್ನು ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಬಸ್ಸಿಗೆ ಮುಂಗಡ ಕೊಡತಕ್ಕದ್ದು. ಇದನ್ನು ಹಿಂದುಮುಂದು ಮಾಡಿದವರ ಬಸ್ಸು ಚೆಂದದ ಪರದೆಗಳನ್ನು ಹೊತ್ತುಕೊಂಡು ಹಿತ್ತಲಲ್ಲೇ ನಿಲ್ಲಬೇಕಾಗುತ್ತದೆ.

ಅಗ್ಗಕ್ಕೆ ದೊರೆಯುತ್ತದೆಂಬ ಕಾರಣದಿಂದ ಸರ್ಕಾರಿ ಬಸ್ಸಿನ ಮೇಲೆ ಕಣ್ಣಿಡುವವರೂ ಉಂಟು. ಅವರು ತಿಳಿಯಬೇಕಾದ ಸಂಗತಿ ಒಂದಿದೆ. ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಸೇರಿದಂತೆ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ಮುಂದುವರಿಸುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂಥ ಬಸ್ಸು ತೋಟದ ಮೂಲೆಯಲ್ಲಿ ನಿಲ್ಲುವ ಕನಸಿಗೂ ದಕ್ಕದು, ರಸ್ತೆಗಂತೂ ಬಾರದು.

ಇನ್ನು ಚಾಲಕನ ಪ್ರಶ್ನೆ. ಕಾರಿನ ಲೈಸೆನ್ಸು ಕೈಯಲ್ಲಿದೆಯೆಂದು ದೊಡ್ಡ ಬಸ್ಸಿನ ಚುಕ್ಕಾಣಿ ಹಿಡಿಯುವಂತಿಲ್ಲ. ಲಘು ವಾಹನದ ಮೇರೆ 7,500 ಕಿಲೋಗ್ರಾಂ. ಅದನ್ನು ಮೀರಿದರೆ ಭಾರಿ ವಾಹನದ ಲೈಸೆನ್ಸು ಬೇಕು. ಆ ಕಾರಣಕ್ಕಾಗಿಯೂ, ಮುಂದೆ ಹೇಳುವ ತಿರುವುಗಳ ಕಾರಣಕ್ಕಾಗಿಯೂ, ಹನ್ನೊಂದು ಹನ್ನೆರಡು ಮೀಟರು ಉದ್ದದ ದೊಡ್ಡ ಬಸ್ಸಿಗಿಂತ ಏಳೆಂಟು ಮೀಟರಿನ ಮಿನಿ ಬಸ್ಸೇ ಸಂಸಾರಕ್ಕೆ ಲೇಸು.

ಬಲ್ಲವರು ಹಣವನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಕಾಗದ, ಟೈರು, ಬ್ರೇಕು, ಎಂಜಿನ್ನಿಗೆ. ಇನ್ನೊಂದು ಪಾಲು ಒಳಗಿನ ಮನೆಗೆ. ಮೂರನೆಯ ಪಾಲನ್ನು ಮುಟ್ಟದೆ ಬದಿಗಿಡಬೇಕು. ದಾರಿಯಲ್ಲಿ ಅದು ತಾನಾಗಿಯೇ ಕರಗುತ್ತದೆ. ಎರಡೇ ಪಾಲಿಗೆ ಸಾಲುವಷ್ಟು ಹಣವಿದ್ದವರು ಬಸ್ಸು ಕೊಳ್ಳದೆ, ಬಸ್ಸಿನ ಟಿಕೇಟು ಕೊಂಡು ಕಳಸಕ್ಕೆ ಹೋಗಿ ಬರುವುದು ಜಾಣತನ.

ಅಗಸ್ತ್ಯರ ಲೆಕ್ಕ

ಕಳಸದ ಸ್ಥಳಪುರಾಣವು ಒಂದು ಸ್ವಾರಸ್ಯವಾದ ಕಥೆ ಹೇಳುತ್ತದೆ. ಗಿರಿಜಾಕಲ್ಯಾಣವನ್ನು ನೋಡಲು ಲೋಕವೆಲ್ಲ ಹಿಮಾಲಯಕ್ಕೆ ನೆರೆದಾಗ ಭೂಮಿ ಉತ್ತರಕ್ಕೆ ವಾಲಿತಂತೆ. ತೂಕ ಸರಿದೂಗಿಸಲು ಶಿವನು ಅಗಸ್ತ್ಯ ಮುನಿಯನ್ನು ದಕ್ಷಿಣಕ್ಕೆ ಕಳುಹಿಸಿದ. ಮದುವೆಯ ನೋಟವನ್ನು ಇಲ್ಲಿಂದಲೇ ಕಾಣುವ ವರವನ್ನೂ ಇತ್ತ. ಪೇಟೆಯ ನಡುವೆ ಎತ್ತರದಲ್ಲಿ ನೆಲೆಸಿರುವ ಕಳಸೇಶ್ವರನ ಸನ್ನಿಧಿಗೆ ಮೆಟ್ಟಿಲೇರಿ ಹೋಗುವ ಭಕ್ತರು ಈ ಕಥೆಯನ್ನು ಇಂದಿಗೂ ನೆನೆಯುತ್ತಾರೆ.

ಬಸ್ಸಿನಲ್ಲಿ ಮನೆ ಕಟ್ಟುವವನಿಗೂ ಈ ಕಥೆಯ ನೀತಿ ಬೇಕು. ಒಂದೇ ಮಗ್ಗುಲಿಗೆ ಕಪಾಟು, ಅಡುಗೆ ಕಟ್ಟೆ, ನೀರಿನ ತೊಟ್ಟಿ ಎಲ್ಲವನ್ನೂ ಸಾಲಾಗಿ ಇರಿಸಿದರೆ ಮೈದಾನದ ರಸ್ತೆಯಲ್ಲಿ ಏನೂ ತಿಳಿಯದು. ಕೊಟ್ಟಿಗೆಹಾರದಿಂದ ಈಚೆಗೆ ಪ್ರತಿ ತಿರುವಿನಲ್ಲೂ ಬಸ್ಸು ತನ್ನ ದೂರನ್ನು ಹೇಳಿಕೊಳ್ಳುತ್ತದೆ. ಭಾರವಾದುದೆಲ್ಲ ನೆಲಕ್ಕೆ ಹತ್ತಿರವಾಗಿ, ಮುಂದಿನ ಹಿಂದಿನ ಚಕ್ರಗಳ ನಡುವೆ, ಎರಡು ಮಗ್ಗುಲಿಗೂ ಸಮನಾಗಿ ಇರಬೇಕು. ಛಾವಣಿಯ ಮೇಲೆ ಹೊರೆ ಹೇರಿದರೆ ತಿರುವಿನಲ್ಲಿ ವಾಲಾಟ ಹೆಚ್ಚುತ್ತದೆ.

ತೂಕದ ಲೆಕ್ಕ ಗೃಹಿಣಿಯೂ ಕಾಗದದ ಮೇಲೆ ಹಾಕಬಹುದಾದಷ್ಟು ಸರಳ. ಇಪ್ಪತ್ತೈದು ಜನರಿಗಾಗಿ ಮಾಡಿದ ಮಿನಿ ಬಸ್ಸಿನಲ್ಲಿ ಜನರ ತೂಕವೇ, ತಲಾ 65 ಕಿಲೋಗ್ರಾಮಿನಂತೆ, 1,625 ಕಿಲೋಗ್ರಾಂ. ನಾಲ್ವರ ತೂಕವನ್ನು ಕಳೆದರೆ ಮನೆಗೆ ಉಳಿಯುವುದು ಸುಮಾರು 1,365 ಕಿಲೋಗ್ರಾಂ. ಮರ, ಹಾಸಿಗೆ, ಬ್ಯಾಟರಿ, ಪಾತ್ರೆ, ನೀರು ಎಲ್ಲ ಸೇರಿ ಅದರೊಳಗೇ ಮುಗಿಯಬೇಕು. ಅದಕ್ಕೂ ಕಡಿಮೆಯಾದಷ್ಟೂ ಇಳಿಜಾರಿನಲ್ಲಿ ಬ್ರೇಕು ಹಗುರವಾಗಿ ಹಿಡಿಯುತ್ತದೆ. ಇಳಿಯುವಾಗ ಬ್ರೇಕನ್ನೇ ನಂಬದೆ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯುವುದು ಮಲೆನಾಡಿನ ಚಾಲಕರು ಹಿಡಿದುಕೊಂಡು ಬಂದ ನಿಯಮ. ಬ್ರೇಕು ಕಾದು ಕೆಟ್ಟ ಮೇಲೆ ಮಂಚದ ಅಂದ ಯಾರನ್ನೂ ಕಾಯದು.

ಕಳಸದಿಂದ ಸ್ವಲ್ಪ ದೂರದ ಅಂಬಾತೀರ್ಥದಲ್ಲಿ ಭದ್ರೆಯ ದಡದ ಮೇಲೆ ದೊಡ್ಡದೊಂದು ಬಂಡೆಯಿದೆ. ಶ್ರೀ ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿರಿಸಿದರೆಂದು ಅದರ ಮೇಲಿನ ಶಾಸನ ಸಾರುತ್ತದೆ. ಮಹಾಪುರುಷರ ಮಾತು ಬೇರೆ. ಸಾಮಾನ್ಯ ಗೃಹಸ್ಥನು ಗ್ರಾನೈಟಿನ ಅಡುಗೆ ಕಟ್ಟೆಯ ಆಸೆಯನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ಮಳೆಯ ಪರೀಕ್ಷೆ

ಕುದುರೆಮುಖದ ಬೆಟ್ಟಸಾಲು ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದು. ಅದರ ಮಡಿಲಿನಲ್ಲಿರುವ ಕಳಸಕ್ಕೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡುವಿಲ್ಲದ ಮಳೆಗಾಲ. ಹೊರನಾಡಿನ ದಾರಿಯ ಹೆಬ್ಬಾಳೆಯಲ್ಲಿ ಭದ್ರೆಗೆ ಕಟ್ಟಿದ ತಗ್ಗಿನ ಸೇತುವೆ ಮುಳುಗಿ, ದಾರಿ ಕಡಿದುಹೋಗುವ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿ ಘಾಟಿಯ ಮಣ್ಣು ಕುಸಿದು ಸಂಚಾರವೇ ನಿಂತುಹೋಗಿತ್ತು. ಈ ತಿಂಗಳುಗಳಲ್ಲಿ ಬಸ್ಸಿನ ಮನೆಯನ್ನು ಇಲ್ಲಿಗೆ ತರುವುದು ಸಾಹಸವಲ್ಲ, ಅವಿವೇಕ. ಮಳೆ ತಗ್ಗಿದ ಮೇಲೆ, ಕಾಫಿ ಹಣ್ಣು ಕೆಂಪೇರುವ ನವೆಂಬರಿನಿಂದ ಹೂಮಳೆ ಬೀಳುವ ಮಾರ್ಚಿಯವರೆಗಿನ ದಿನಗಳೇ ತಕ್ಕವು.

ಆದರೂ ಮಳೆಯನ್ನು ಲಕ್ಷ್ಯದಲ್ಲಿಟ್ಟೇ ಬಸ್ಸನ್ನು ಆರಿಸಬೇಕು. ಕೊಳ್ಳುವ ಮುನ್ನ ಛಾವಣಿಯ ಮೇಲೆ ನೀರು ಹೊಯ್ಯಿಸಿ, ಒಳಗೆ ಕುಳಿತು ಒಂದು ಗಂಟೆ ಕಾದು ನೋಡಬೇಕು. ರಿವೆಟ್ಟಿನ ಸಾಲು, ಕಿಟಕಿಯ ರಬ್ಬರು, ಹಿಂಬಾಗಿಲಿನ ಮೂಲೆ ಇವು ಸೋರುವ ಜಾಗಗಳು. ಆ ಬಳಿಕ ಕೆಳಗೆ ತೂರಿ, ಷಾಸಿಯನ್ನೂ ಅಡ್ಡಪಟ್ಟಿಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಉಕ್ಕು ಕಣ್ಣೆಂದು ನುಡಿಯುತ್ತದೆ, ತುಕ್ಕು ತಿಂದ ಉಕ್ಕು ಮಂಕಾಗಿ ಗೊಣಗುತ್ತದೆ. ಎಂಜಿನ್ನಿನ ರೋಗಕ್ಕೆ ಮದ್ದುಂಟು, ಷಾಸಿಯ ತುಕ್ಕಿಗೆ ಅಗ್ಗದ ಮದ್ದಿಲ್ಲ. ಒಳಗಿನ ಕೆಲಸಕ್ಕೆ ನೀರು ತಾಳುವ ಮೆರೈನ್ ಪ್ಲೈವುಡ್ಡನ್ನೇ ಬಳಸಬೇಕು. ಮಂಚದ ಹಲಗೆಗೆ ತೂತುಗಳಿರಬೇಕು. ಇಲ್ಲವಾದರೆ ಹಾಸಿಗೆಯ ಅಡಿಯಲ್ಲಿ ತೇವ ನಿಂತು ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಅಲಂಕಾರದ ಹೊದಿಕೆ ಬಡಿಯುವ ಬದಲು ಹಳೆಯ ಕಂಬಳಿಯ ಪರದೆ ಇಳಿಬಿಟ್ಟರೆ, ಚಳಿಯೂ ತಡೆಯುತ್ತದೆ, ಬಿಸಿಲಲ್ಲಿ ಒಣಗಿಸಲೂ ಆಗುತ್ತದೆ.

ನೀರು, ಬೆಳಕು, ಬೆಂಕಿ

ನೀರಿನ ಲೆಕ್ಕ ಈಗ ಸ್ಪಷ್ಟವಾಗುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಸರ್ಕಾರದ ಮಾನದಂಡ. ನಾಲ್ವರಿಗೆ ಅದು 540 ಲೀಟರು, ಎಂದರೆ 540 ಕಿಲೋಗ್ರಾಂ. ಅಷ್ಟನ್ನು ಹೊತ್ತು ಬೆಟ್ಟವೇರುವ ಬಸ್ಸು ಮನೆಯಾಗುವುದಿಲ್ಲ, ನೀರಿನ ಟ್ಯಾಂಕರಾಗುತ್ತದೆ. ಕುಡಿಯಲು, ಬೇಯಿಸಲು, ಕೈಕಾಲು ಮುಖ ತೊಳೆಯಲು, ನಾಲ್ಕು ಪಾತ್ರೆ ಬೆಳಗಲು ತಲೆಗೆ 15 ಲೀಟರು ಸಾಕು. ನಾಲ್ವರಿಗೆ ಎರಡು ದಿನಕ್ಕೆ 120 ಲೀಟರು. ಆರು ಕ್ಯಾನುಗಳಲ್ಲಿ ತುಂಬಿ ಎರಡು ಮಗ್ಗುಲಿಗೂ ಮೂರು ಮೂರು ಕಟ್ಟಿಟ್ಟರೆ ತೊಟ್ಟಿಯೂ ಬೇಡ, ಪಂಪೂ ಬೇಡ.

ಸ್ನಾನ, ಶೌಚಗಳನ್ನು ಬಸ್ಸಿನ ಹೊರಗಿಡುವುದೇ ಮಿತವ್ಯಯದ ಗುಟ್ಟು. ರಾತ್ರಿ ತಂಗಲು ತೋಟದ ಮನೆಯವರ ಅಂಗಳವನ್ನೋ ವಸತಿಗೃಹದ ಆವರಣವನ್ನೋ ಮುಂಚಿತವಾಗಿ ಗೊತ್ತುಮಾಡಿಕೊಂಡರೆ, ಅವರ ಬಚ್ಚಲ ಹಂಡೆಯ ಬಿಸಿನೀರಿಗೆ ಸಲ್ಲತಕ್ಕ ಹಣ ಕೊಟ್ಟು ಸುಖವಾಗಿ ಮೀಯಬಹುದು. ಆದರೆ ಇದರಲ್ಲೊಂದು ಹೊಣೆಯೂ ಇದೆ. ಬೆಟ್ಟದಿಂದ ಹರಿದು ಬರುವ ಹಳ್ಳದ ನೀರನ್ನೇ ಕೊಳವೆಯಲ್ಲಿ ಹಿಡಿದು ಮನೆಗೆ ತರುವ ರೂಢಿ ಮಲೆನಾಡಿನ ಅನೇಕ ಕಡೆ ಇದೆ. ನಗರದಿಂದ ಬಂದವರು ದಾರಿಬದಿಯ ಝರಿಯಲ್ಲಿ ಸೋಪು ಹಚ್ಚಿ ಪಾತ್ರೆ ತೊಳೆದರೆ, ಆ ನೊರೆ ಯಾರದೋ ಕುಡಿಯುವ ನೀರಿಗೆ ಸೇರುತ್ತದೆ. ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ತಕ್ಕ ಜಾಗದಲ್ಲಿ ಚೆಲ್ಲುವಷ್ಟು ಸೌಜನ್ಯ ಇಲ್ಲದವರಿಗೆ ಚಲಿಸುವ ಮನೆ ಸಲ್ಲದು.

ಬೆಳಕಿಗೆ ದೊಡ್ಡ ಯಂತ್ರ ಬೇಡ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯೊಂದು ತುಂಬಿದಾಗ ಸುಮಾರು 1.2 ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ಸೀಸದ ಬ್ಯಾಟರಿಯಾದರೆ ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಒಳ್ಳೆಯದು. ಹತ್ತು ವ್ಯಾಟಿನ ನಾಲ್ಕು ದೀಪ ನಾಲ್ಕು ಗಂಟೆ, 25 ವ್ಯಾಟಿನ ಎರಡು ಪುಟ್ಟ ಫ್ಯಾನು ಎಂಟು ಗಂಟೆ ನಡೆದರೂ ಆ ಅರ್ಧದೊಳಗೇ ಮುಗಿಯುತ್ತದೆ. ಈ ಬ್ಯಾಟರಿ ಎಂಜಿನ್ನಿನ ಬ್ಯಾಟರಿಯಿಂದ ಬೇರೆಯಾಗಿರಲೇಬೇಕು. ಇಲ್ಲದಿದ್ದರೆ ರಾತ್ರಿಯ ದೀಪಕ್ಕೆ ಬೆಳಗಿನ ಸ್ಟಾರ್ಟು ಬಲಿಯಾಗುತ್ತದೆ.

ಬೆಂಕಿಯ ವಿಷಯದಲ್ಲಿ ಮಾತ್ರ ಮಿತವ್ಯಯ ಸಲ್ಲದು. ಐದು ಕಿಲೋಗ್ರಾಮಿನ ಸಣ್ಣ ಸಿಲಿಂಡರನ್ನು ನಿಂತಾಗ ಹೊರಗಿಟ್ಟು ಅಡುಗೆ ಮಾಡುವುದು ಲೇಸು. ಒಳಗಿಡುವುದಾದರೆ, ಅನಿಲವು ಗಾಳಿಗಿಂತ ಭಾರವಾದುದರಿಂದ ಅದು ಹೊರಹೋಗುವ ಕಂಡಿ ನೆಲದ ಮಟ್ಟದಲ್ಲಿರಬೇಕು. ಡಿಸೆಂಬರಿನ ಚಳಿಗೆ ನಡುಗಿ, ಮುಚ್ಚಿದ ಬಸ್ಸಿನೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದು ಪ್ರಾಣಾಪಾಯ. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಾಯು ನಿದ್ದೆಯಲ್ಲೇ ಕೊಲ್ಲುತ್ತದೆ. ಎರಡು ಬಾಗಿಲುಗಳು ಸದಾ ತೆರೆಯುವಂತಿರಬೇಕು, ಬೆಂಕಿ ಆರಿಸುವ ಉಪಕರಣ ಕೈಗೆ ಸಿಗುವಂತಿರಬೇಕು. ಬಸ್ಸು ಓಡುವಾಗ ಎಲ್ಲರೂ ಸೀಟಿನಲ್ಲಿಯೇ ಬೆಲ್ಟು ಬಿಗಿದು ಕುಳಿತಿರಬೇಕು. ಘಾಟಿಯಲ್ಲಿ ಮಂಚದ ಮೇಲೆ ಮಲಗುವ ಸುಖ ಯಾರಿಗೂ ಬೇಡ.

ದಾರಿ ಕೊಡುವ ಊಟ

ಇಷ್ಟು ಸಿದ್ಧತೆಯಿಂದ ಬಂದ ಸಂಸಾರಕ್ಕೆ ಕಳಸ ತನ್ನ ಮಡಿಲು ತೆರೆಯುತ್ತದೆ. ಹಿಂದೆ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಆದರೂ ಪೇಟೆ ಪುಟ್ಟದು; ಬೀದಿಯಲ್ಲಿ ಜೀಪು, ಬಸ್ಸುಗಳು ಒಂದಕ್ಕೊಂದು ಮೈಯೊತ್ತಿ ನಿಲ್ಲುತ್ತವೆ. ಚಿಕ್ಕ ಬಸ್ಸು ಕೊಂಡ ವಿವೇಕಕ್ಕೆ ಇಲ್ಲಿ ಬೆಲೆ ತಿಳಿಯುತ್ತದೆ. ಬಸ್ಸನ್ನು ಪೇಟೆಯ ಹೊರಗೆ ನಿಲ್ಲಿಸಿ ನಡೆದೇ ಬರುವುದು ಎಲ್ಲರಿಗೂ ಹಿತ. ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾ ಎಂಬ ಪಂಚತೀರ್ಥಗಳು ಕಳಸದ ಸುತ್ತ ಭದ್ರೆಯುದ್ದಕ್ಕೂ ಇವೆ. ಬೆಳಗಿನ ಹೊತ್ತು ನೀರ ಮೇಲೆ ಮಂಜು ಹೊಗೆಯಂತೆ ಏಳುವಾಗ ದಡದ ಬಂಡೆಯ ಮೇಲೆ ಕುಳಿತ ಮಕ್ಕಳು ಮಾತನಾಡುವುದನ್ನೇ ಮರೆಯುತ್ತಾರೆ. ಆದರೆ ಹೊಳೆಯ ಸೆಳವು ಮೋಸದ್ದು. ಕಾಲು ತೊಳೆಯುವುದಕ್ಕಿಂತ ಮುಂದೆ ಹೋಗಬಾರದು.

ಎಂಟು ಕಿಲೋಮೀಟರು ದೂರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿ. ಅಲ್ಲಿಗೆ ಬಂದವರು ಯಾರೇ ಆಗಲಿ, ಊಟ ಮಾಡದೆ ಹೋಗಬಾರದೆಂಬುದು ಕ್ಷೇತ್ರದ ಸಂಪ್ರದಾಯ. ದೊಡ್ಡ ಅಡುಗೆಮನೆಯನ್ನು ಬಸ್ಸಿನೊಳಗೆ ಕಟ್ಟಿಸಲು ಹಂಬಲಿಸಿದ್ದ ಗೃಹಿಣಿಗೆ ಪಂಕ್ತಿಯಲ್ಲಿ ಕುಳಿತಾಗ ನಗು ಬಾರದಿರದು. ನಮ್ಮ ನಾಡಿನ ದಾರಿಗಳು ಅನ್ನ, ನೀರು, ನೆರಳುಗಳನ್ನು ಹಂಚಿಕೊಂಡೇ ಬೆಳೆದವು. ಪರದೇಶದ ನಿರ್ಜನ ಬಯಲುಗಳಿಗಾಗಿ ಕಟ್ಟಿದ ಮನೆಯ ನಕ್ಷೆಯನ್ನು ಇಲ್ಲಿ ಹಾಗೆಯೇ ಎತ್ತಿಕೊಳ್ಳಬೇಕಾಗಿಲ್ಲ.

ಕಳಸದಿಂದ ಕುದುರೆಮುಖದ ಕಡೆಗೆ ಹೊರಟವರು ಇನ್ನೊಂದು ನೋಟ ಕಾಣುತ್ತಾರೆ. ಕಬ್ಬಿಣದ ಅದಿರು ಕಂಪೆನಿಗಾಗಿ ಹುಟ್ಟಿದ ಊರು ಅಲ್ಲಿದೆ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಚದುರಿದರು, ನೂರಾರು ಮನೆಗಳು ಬರಿದಾದವು. ಭದ್ರವಾದ ಅಡಿಪಾಯದ ಮೇಲೆ ಕಟ್ಟಿದ ಮನೆಗಳೂ ಹೀಗೆ ಪರದೇಶಿಯಾಗಬಲ್ಲವೆಂಬುದನ್ನು ಕಂಡ ಮೇಲೆ, ಚಕ್ರದ ಮೇಲಿನ ಮನೆ ಅಷ್ಟೇನೂ ವಿಚಿತ್ರವೆನಿಸದು. ಆದರೆ ಸುತ್ತಲಿನದು ರಾಷ್ಟ್ರೀಯ ಉದ್ಯಾನ. ದಾರಿಬದಿಯಲ್ಲಿ ಬಸ್ಸು ನಿಲ್ಲಿಸಿ ರಾತ್ರಿ ಕಳೆಯುವಂತಿಲ್ಲ. ಹೊತ್ತಿರುವಾಗಲೇ ಹಾದು ಹೋಗತಕ್ಕದ್ದು.

ಕೈ ತೋರಿಸುವವರು

ಬಸ್ಸನ್ನು ಬಿಡಾರ ಮಾಡಿದವರು ಕೊನೆಯದಾಗಿ ಒಂದು ಸಂಗತಿಗೆ ಸಿದ್ಧರಾಗಿರಬೇಕು. ಹೊರಗಿನ ಬಣ್ಣವನ್ನು ಬದಲಾಯಿಸಿ, ಫಲಕವನ್ನು ತೆಗೆದು, ಕಿಟಕಿಗೆ ಪರದೆ ಹಾಕಿದರೂ ಬಸ್ಸು ಬಸ್ಸಿನಂತೆಯೇ ಕಾಣುತ್ತದೆ, ಬಸ್ಸಿನಂತೆಯೇ ಸದ್ದು ಮಾಡುತ್ತದೆ. ತಿರುವಿನಾಚೆ ಅದರ ಗುರುಗುಟ್ಟುವಿಕೆ ಕೇಳಿದೊಡನೆ, ಮೊದಲಿನಷ್ಟು ಬಸ್ಸುಗಳಿಲ್ಲದ ದಾರಿಯ ಕೊನೆಯಲ್ಲಿ ಕಾದು ನಿಂತ ಮುದುಕಿಯೋ, ಚೀಲ ಬೆನ್ನಿಗೇರಿಸಿದ ಹುಡುಗಿಯೋ ಅಭ್ಯಾಸದಂತೆ ಕೈ ಮೇಲೆತ್ತಿದರೆ ಅಚ್ಚರಿಯಿಲ್ಲ.

ಬಾಡಿಗೆಗೆ ಜನರನ್ನು ಹತ್ತಿಸುವ ಹಕ್ಕು ಆ ಬಸ್ಸಿಗೆ ಈಗಿಲ್ಲ. ಆದರೆ ನಿಲ್ಲಿಸಿ, ಬಾಗಿಲು ತೆರೆದು, “ಅಜ್ಜೀ, ಇದು ಲೈನ್ ಬಸ್ಸಲ್ಲ, ನಮ್ಮ ಮನೆ” ಎಂದು ತಿಳಿಯಹೇಳುವುದಕ್ಕೆ ಯಾವ ಲೈಸೆನ್ಸೂ ಬೇಡ. ಮಲೆನಾಡಿನ ಅಜ್ಜಿ ಇಣುಕಿ ನೋಡದೆ ಬಿಡಲಾರಳು. ಮಂಚವನ್ನು ಕಂಡು ಬೆರಗಾಗಿ, ಮಕ್ಕಳ ಹೆಸರು ಕೇಳಿ, “ಒಳ್ಳೆಯದಾಯಿತು ಬಿಡಿ, ಬಸ್ಸು ಗುಜರಿಗೆ ಹೋಗಲಿಲ್ಲವಲ್ಲ” ಎಂದಾಳು.

ಕಡಿಮೆ ಹಣದಲ್ಲಿ ಮಾಡಿದ ಬಸ್ಸು-ಬಿಡಾರ ಚೆನ್ನಾಗಿದೆಯೇ ಇಲ್ಲವೇ ಎಂಬುದಕ್ಕೆ ಅಷ್ಟೇ ಪರೀಕ್ಷೆ ಸಾಕು. ಬ್ರೇಕು ಹಿಡಿಯಬೇಕು, ಛಾವಣಿ ಸೋರಬಾರದು, ಕಾಗದ ಸರಿಯಿರಬೇಕು. ಕೈ ತೋರಿಸಿದವರ ಮುಂದೆ ನಿಲ್ಲುವಷ್ಟು ಪುರಸೊತ್ತು ಒಳಗಿರುವವರಿಗೆ ಇರಬೇಕು.